ಕುಟುಂಬದ ಗೆಳತಿ ಬರೆದ ಸಲಹೆ

ಮಖಾಂಡ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಇಮೊಜೆನ್,

ನಿನ್ನ ಹೆಸರಿನ ಪಕ್ಕದಲ್ಲಿ ಒಂದು ಪದ ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ, ಏನೆಂದು ಕೊನೆಗೆ ನಾನೇ ಹೇಳುತ್ತೇನೆ. ನೀನು, ವಾರೆನ್, ಅಪ್ಪ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಪರೀಕ್ಷೆ ಇದ್ದದ್ದು ನಿಜ. ಅದು ಮುಗಿದು ಬಹಳ ದಿನವಾಯಿತು ಎಂಬುದೂ ನಿಜ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಾದರೆ ನೀನು ಒಂದು ಕೆಂಪು ಹೃದಯ ಕಳಿಸಿ ಮಾತು ಮುಗಿಸಿಬಿಡುತ್ತೀಯೆ. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಭಾನುವಾರ ಮಧ್ಯಾಹ್ನ ಕಾಗದ ಬರೆಯುವುದು ಊಟದಷ್ಟೇ ರೂಢಿ. ಅಲ್ಲಿ ಮೇಟ್ರನ್ ಓದಿದ ಮೇಲೆಯೇ ಅಂಚೆಗೆ ಹೋಗುತ್ತಿತ್ತು. ಹಾಗಾಗಿ 'ನಾನು ಇಲ್ಲಿ ಚೆನ್ನಾಗಿದ್ದೇನೆ' ಎಂದು ಬರೆಯುವುದರಲ್ಲಿ ನನ್ನಷ್ಟು ಪಳಗಿದವರಿಲ್ಲ. ಈ ಕಾಗದವನ್ನು ಯಾರೂ ಮೊದಲು ಓದುವುದಿಲ್ಲ.

ಇಲ್ಲಿ ನಲ್ಲಿ ಮತ್ತೆ ಒಣಗಿದೆ. ಬಕೆಟ್ ಹಿಡಿದು ಸಾಲಿನಲ್ಲಿ ನಿಂತಾಗ ಮಾತ್ರ ನಾಲ್ಕು ಜನರ ಜೊತೆ ಮಾತಾಡುತ್ತೇನೆ, ವಿಶ್ವವಿದ್ಯಾಲಯದ ತರಗತಿಯಲ್ಲಿ ಬಾಯಿ ತೆರೆಯಲು ಇನ್ನೂ ಭಯ. ಮೇಷ್ಟ್ರು ಖೆಥಿವೆ ಎಂದು ಕರೆದು ತಲೆಯೆತ್ತುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಹೆಸರು ನೋಡುತ್ತಾರೆ. ಅರ್ಧ ಇಂಗ್ಲಿಷ್ ಮುಖಕ್ಕೆ ಪೂರ್ತಿ ಜುಲು ಹೆಸರು. ಆ ಹೆಸರಿಗೆ ಆರಿಸಿಕೊಂಡವಳು ಎಂದು ಅರ್ಥ. ಯಾರು ಆರಿಸಿಕೊಂಡರೋ ಅಮ್ಮನನ್ನೇ ಕೇಳಬೇಕು. ನನ್ನ ಮೊದಲ ಪ್ರಬಂಧ ವಾಪಸು ಬಂತು. ಅಂಚಿನಲ್ಲಿ 'ಯಾರಿಗಾಗಿ ಬರೆಯುತ್ತಿದ್ದೀಯೆಂದು ತಿಳಿಯುವುದಿಲ್ಲ' ಎಂದು ಬರೆದಿದ್ದರು. ಎರಡು ದಿನ ನಿದ್ದೆ ಬರಲಿಲ್ಲ.

ಈಗ ನೀನು ಕೇಳಿದ ಕೆಲಸಕ್ಕೆ ಬರುತ್ತೇನೆ. ನವೆಂಬರಿನಲ್ಲಿ ಡರ್ಬನ್ನಿನಿಂದ ಮೊಜಾಂಬಿಕ್ ಕಡೆಗೆ ಹೊರಡುವ ಹಡಗಿನ ಮೇಲೆ ನಿನ್ನ, ವಾರೆನ್ನಿನ ಮದುವೆ. ಜೊತೆಗೆ ಈಚೆಗೆ ಮದುವೆಯಾದ ನಿಮ್ಮ ಗೆಳೆಯರ ಜೋಡಿಗಳು ಬರುತ್ತಾರೆ. ವಾರೆನ್ ಸೇರಿದಂತೆ ಅವರಲ್ಲಿ ಯಾರೂ ಹಡಗು ಹತ್ತಿದವರಲ್ಲ. ಪ್ರತಿ ಜೋಡಿಗೂ ಕೊಡುವ ಚೀಲದಲ್ಲಿ, ಬಿಸಿಲಿಗೆ ಹಚ್ಚುವ ಕ್ರೀಮಿನ ಪಕ್ಕ, ಒಂದು ಪುಟದ ಸಲಹೆ ಇಡಬೇಕು. 'ನೀನೇ ಬರಿ, ನಿಂಗೆ ಬರೆಯೋದು ಚೆನ್ನಾಗಿ ಬರತ್ತೆ. ಕೆಳಗಡೆ ಕುಟುಂಬದ ಗೆಳತಿ ಖೆಥಿ ಅಂತ ಅಚ್ಚು ಹಾಕಿಸ್ತೀನಿ' ಎಂದು ಬರೆದಿದ್ದೀಯೆ.

ಆ ಎರಡು ಪದದ ಹತ್ತಿರ ಬಂದಾಗಲೆಲ್ಲ ನನ್ನ ಪೆನ್ನು ನಿಂತಿತು. ಬರೆದೆ, ಹರಿದೆ. ನನ್ನ ಕೋಣೆಯ ಲಿಂಡೆಲ್ವಾ ಹರಿದ ಚೂರುಗಳನ್ನು ಜೋಡಿಸಿ ಓದಿ, "ಇದು ಸಲಹೆ ಅಲ್ಲ ಕಣೇ, ಶಾಪ" ಎಂದಳು. ಇರಲಿ. ಸಲಹೆಯನ್ನು ಬರೆಯುತ್ತೇನೆ. ನಿನ್ನ ಗೆಳೆಯರಿಗೆ ಬೇಕಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ನೀನೇ ಕತ್ತರಿಸು. ಕತ್ತರಿಸುವುದರಲ್ಲಿ ನಿಮ್ಮ ಮನೆಯವರ ಕೈ ಚೆನ್ನಾಗಿದೆ.

ಮೊದಲನೆಯದು ಹೆಸರು. ಮದುವೆಯ ಹುಮ್ಮಸ್ಸಿನಲ್ಲಿ ಹುಡುಗಿಯರು ಟಿಕೆಟ್ಟಿಗೆ ಗಂಡನ ಮನೆತನದ ಹೆಸರು ಹಾಕಿಸುತ್ತಾರೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಮನೆತನದ ಹೆಸರೇ ಇರುತ್ತದೆ. ಬಂದರಿನ ಕೌಂಟರಿನಲ್ಲಿ ಕುಳಿತವರು ಪ್ರೀತಿ ನೋಡುವುದಿಲ್ಲ, ಅಕ್ಷರ ನೋಡುತ್ತಾರೆ. ಎರಡೂ ಕಡೆ ಒಂದೇ ಹೆಸರಿರಲಿ. ಇದು ಅಪ್ಪನ ಹೆಸರು ಇರುವ ಹುಡುಗಿಯರಿಗೆ ಮಾತ್ರ. ನನಗೆ ಆ ತೊಂದರೆ ಇರಲಿಲ್ಲ.

ದೊಡ್ಡ ಪೆಟ್ಟಿಗೆಗಳನ್ನು ಹಡಗುಕಟ್ಟೆಯಲ್ಲೇ ತೆಗೆದುಕೊಳ್ಳುತ್ತಾರೆ. ಅವು ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಮಾತ್ರೆ, ಈಜುಡುಗೆ, ಒಂದು ಜೊತೆ ಒಳ್ಳೆಯ ಬಟ್ಟೆ ಹೆಗಲ ಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆಯನ್ನಂತೂ ತರಲೇಬೇಡಿ, ಬೆಂಕಿಯ ಭಯಕ್ಕೆ ಕಿತ್ತಿಟ್ಟುಕೊಳ್ಳುತ್ತಾರೆ. ನನಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ, ನಿನ್ನ ತಾಯಿ ತೀರಿಕೊಂಡ ಮರುವರ್ಷ, ಅಪ್ಪ ನಮ್ಮಿಬ್ಬರನ್ನೂ ಮೊದಲ ಬಾರಿಗೆ ಒಟ್ಟಿಗೆ ಹಡಗಿಗೆ ಕರೆದುಕೊಂಡು ಹೊರಟಾಗ, ಅಮ್ಮ ಉಮ್ಲಾಜಿಯ ನಮ್ಮ ಮನೆಯಲ್ಲಿ ಕುಳಿತು ನನ್ನ ಚೀಲ ಕಟ್ಟಿದಳು. "ಅವರ ಜೊತೆ ಹೋಗ್ತಿದ್ದೀಯ, ಸುಕ್ಕು ಬಟ್ಟೆ ಹಾಕ್ಕೊಂಡು ಅವನ ಮಾನ ತೆಗೀಬೇಡ" ಎಂದು ತನ್ನ ಇಸ್ತ್ರಿಪೆಟ್ಟಿಗೆಯನ್ನೇ ಟವೆಲಿನಲ್ಲಿ ಸುತ್ತಿ ಇಟ್ಟಿದ್ದಳು. ತಪಾಸಣೆಯವನು ಅದನ್ನು ಎತ್ತಿ ಹಿಡಿದು, "ಏನಮ್ಮಾ, ಹಡಗಿನೋರ ಬಟ್ಟೆಗೆಲ್ಲಾ ನೀನೇ ಇಸ್ತ್ರಿ ಮಾಡ್ಕೊಡ್ತೀಯಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನೀನು ನಗಲಿಲ್ಲ. ನನ್ನ ಕೈ ಹಿಡಿದುಕೊಂಡೆ. ನಮ್ಮ ಹಿಂದೆ ಹುಲ್ಲಿನ ಹ್ಯಾಟು ಹಾಕಿಕೊಂಡಿದ್ದ ಮುದುಕಿಯೊಬ್ಬಳು ಆ ಇಸ್ತ್ರಿಪೆಟ್ಟಿಗೆಯನ್ನೂ ನನ್ನನ್ನೂ ಚೆನ್ನಾಗಿ ನೋಡಿಕೊಂಡಳು. ಅವಳು ಮತ್ತೆ ಬರುತ್ತಾಳೆ.

ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿದ್ದರೆ ತೂಗಾಟ ಕಡಿಮೆ. ಒಳಗಿನ ಸಾಲಿನ ಕೋಣೆಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ಬೆಳಗಾಯಿತೋ ಇಲ್ಲವೋ ತಿಳಿಯುವುದಿಲ್ಲ. ಹೊಸ ಜೋಡಿಗಳಿಗೆ ಅದೂ ಸುಖವೇ ಇರಬಹುದು. ಅಪ್ಪನಿಗೂ ನಿನಗೂ ಸಮುದ್ರ ಕಾಣುವ ಕೋಣೆಗಳು ಸಿಕ್ಕವು, ನನಗೆ ಒಳಗಿನದು. "ಅದೊಂದೇ ಉಳಿದಿತ್ತು ಖೆಥಿ" ಎಂದರು ಅಪ್ಪ. ನೀನು ಪ್ರತಿ ಬೆಳಿಗ್ಗೆ ಬಾಗಿಲು ತಟ್ಟಿ, ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಬಿದ್ದುಕೊಂಡು, "ಇವತ್ತು ಹಸಿರು, ಬಾಟ್ಲಿ ಹಸಿರು" ಎಂದೋ "ಇವತ್ತು ಬರೀ ಬೂದಿ, ಎದ್ದೇಳ್ಬೇಡ" ಎಂದೋ ಸಮುದ್ರದ ಬಣ್ಣ ಹೇಳುತ್ತಿದ್ದೆ. ಅದನ್ನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೊಟ್ಟೆ ತೊಳಸುವುದಕ್ಕೆ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಆಮೇಲೆ ನುಂಗಿದ್ದು ಆಚೆಗೇ ಬರುತ್ತದೆ. ಶುಂಠಿ ಬಿಸ್ಕತ್ತು, ಹಸಿರು ಸೇಬು ಜೊತೆಗಿರಲಿ. ಹಡಗನ್ನು ಎಳೆದು ತಂದ ಚಿಕ್ಕ ದೋಣಿ ಬಂದರಿನ ಬಾಯಿಯಲ್ಲಿ ಹಿಂದಿರುಗಿದ ಕೂಡಲೇ ನೆಲ ಓಲಾಡತೊಡಗುತ್ತದೆ. ಆಗ ಮೇಲಿನ ತೆರೆದ ಅಂತಸ್ತಿಗೆ ಬಂದು ಸಮುದ್ರದ ದೂರದ ಅಂಚನ್ನೇ ನೋಡುತ್ತ ನಿಲ್ಲಬೇಕು. ಗಂಡನಾದವನು ಹೆಂಡತಿಯ ಕೂದಲು ಹಿಡಿದುಕೊಳ್ಳಬೇಕು, ಫೋಟೊ ತೆಗೆಯಬಾರದು. ವಾರೆನ್ನಿಗೆ ಇದನ್ನು ಎರಡು ಸಲ ಓದಿಸು.

ತೇಲುವ ಅಂಗಿ ತೊಡಿಸಿ ನಿಲ್ಲಿಸುವ ಅಭ್ಯಾಸವನ್ನು ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಡಗಿಗೆ ಏನಾದರೂ ಆದರೆ ಯಾರು ಯಾವ ದೋಣಿ ಎಂದು ಆಗಲೇ ಹೇಳಿಬಿಡುತ್ತಾರೆ, ಅದು ಕೋಣೆಯ ಮೇಲೆ ಹೋಗುತ್ತದೆ. ಆದ್ದರಿಂದ ಬೇಕಾದವರ ಕೋಣೆಗಳನ್ನು ಅಕ್ಕಪಕ್ಕದಲ್ಲೇ ಕೇಳಿಕೊಳ್ಳಿ. ನೀನೂ ಅಪ್ಪನೂ ಬಲಮಗ್ಗುಲಿನಲ್ಲಿ ನಿಂತಿರಿ. ನನ್ನನ್ನು ಎಡಕ್ಕೆ ಕಳಿಸಿದರು. ಹಡಗು ಮುಳುಗಿದ್ದರೆ ನಾನು ಬೇರೆ ದೋಣಿ.

ದಾರಿಯಲ್ಲಿ ಸಿಗುವ ದ್ವೀಪಕ್ಕೆ ಇಳಿದಾಗ ಹಡಗಿನ ಗಡಿಯಾರವನ್ನು ನಂಬಿ, ಫೋನನ್ನಲ್ಲ. ಯಾರಿಗಾಗಿಯೂ ಕಾಯುವುದಿಲ್ಲ ಹಡಗಿನವರು.

ಇನ್ನು ಊಟ. ರಾತ್ರಿಯ ಊಟಕ್ಕೆ ನಿಮ್ಮನ್ನು ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಹಾಕುತ್ತಾರೆ, ಕೊನೆಯ ದಿನದವರೆಗೂ ಅದೇ ಮೇಜು, ಅದೇ ಜನ. ಇಬ್ಬರ ಮೇಜು ಬೇಕೆಂದು ಮೊದಲೇ ಕೇಳಿಕೊಳ್ಳಿ. ಹೊಸ ಜೋಡಿಗಳಿಗೆ ನಾನು ಹೇಳಬೇಕಾದ ಒಂದೇ ಮಾತು ಯಾವುದೆಂದರೆ ಇದೇ. ಯಾಕೆಂದರೆ ಅಪರಿಚಿತರು ಕುಳಿತ ಮೇಜಿನಲ್ಲಿ ಮೊದಲು ಬರುವ ಪ್ರಶ್ನೆ, ನೀವು ಒಬ್ಬರಿಗೊಬ್ಬರು ಏನಾಗಬೇಕು ಎಂಬುದು.

ನಮ್ಮ ಮೇಜಿಗೆ ಬಂದವರು ಆ ಹುಲ್ಲಿನ ಹ್ಯಾಟಿನ ಮಿಸೆಸ್ ಟ್ರಸ್ಕಾಟ್ ಮತ್ತು ಅವರ ಗಂಡ. ನಿನ್ನನ್ನು ನೋಡಿ, "ಮಗಳದ್ದು ಥೇಟ್ ನಿಮ್ಮ ಮೂಗೇ" ಎಂದು ಅಪ್ಪನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಆದರೆ ಅಪ್ಪನನ್ನೇ ಕೇಳಿದರು: "ಈ ಹುಡುಗಿ?"

"ನಮ್ಮ ಜೊತೆ ಬಂದಿದ್ದಾಳೆ" ಎಂದರು ಅಪ್ಪ.

"ನೋಡಿದೆ ನೋಡಿದೆ, ಇಸ್ತ್ರಿಪೆಟ್ಟಿಗೆ. ಎಷ್ಟು ದೊಡ್ಡ ಮನಸ್ಸು ನಿಮ್ದು. ಕೆಲಸದವರನ್ನ ಪಕ್ಕದಲ್ಲೇ ಕೂರಿಸ್ಕೊಂಡು ಉಣ್ಣೋರು ಈಗಿನ ಕಾಲದಲ್ಲಿ ಯಾರಿದ್ದಾರೆ ಹೇಳಿ."

ಅಪ್ಪ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಬಿಡಿಸುತ್ತಲೇ ಇದ್ದರು. ನಾನು ಆ ಪ್ರವಾಸದಲ್ಲಿ ಅವರನ್ನು ಒಮ್ಮೆಯೂ ಅಪ್ಪ ಎಂದು ಕರೆಯಲಿಲ್ಲ. ಜನರಿದ್ದಾಗ ಕರೆಯಬಹುದೋ ಬಾರದೋ ತಿಳಿಯದೆ "ಕೇಳಿಸ್ತಾ, ಇಲ್ನೋಡಿ" ಎಂದೇ ಕಳೆದೆ. ಅವರ ಮೌನ ನನಗೆ ಹೊಸದಲ್ಲ, ಅದರಲ್ಲೇ ಹುಟ್ಟಿದವಳು ನಾನು. ಹಾಸ್ಟೆಲಿನ ಶುಲ್ಕದ ಜೊತೆ ಪ್ರತಿ ವರ್ಷ ತಪ್ಪದೆ ಅದೂ ಬರುತ್ತಿತ್ತು.

ಈಗ ನಿಜವಾದ ವಿಷಯ. ನಾನು ಮದುವೆಗೆ ಬರಬೇಕೆಂದು ಬರೆದಿದ್ದೀಯೆ. ವಾರೆನ್ನಿನ ಮನೆಯವರಿಗೆ ಗೊತ್ತಿರುವುದು ಅಪ್ಪನಿಗೆ ನೀನೊಬ್ಬಳೇ ಮಗಳು ಎಂದು, ಅಂದರೆ ಗೊತ್ತಿರಬೇಕಾದದ್ದು ಗೊತ್ತಿಲ್ಲ. ಜೂನಿನಲ್ಲಿ ನಾನು ಕೇಳಿದಾಗ ನೀನು, "ಮದುವೆ ಒಂದು ಆಗಿಬಿಡಲಿ ಕಣೇ, ಆಮೇಲೆ ನಿಧಾನಕ್ಕೆ ಹೇಳ್ತೀನಿ" ಎಂದೆ. ನಾನು ಸರಿ ಎಂದೆ. ನಾನು ಎಲ್ಲದಕ್ಕೂ ಸರಿ ಎನ್ನುತ್ತೇನೆ. ಆದರೆ ಆಗ ಅದು ಹೇಳದೆ ಇರುವ ಮಾತಾಗಿತ್ತು. ಈಗ ಅಚ್ಚು ಹಾಕಿಸುವ ಮಾತಾಗಿದೆ. ನನ್ನ ಕೈಯಲ್ಲೇ ಬರೆಸಿ, ನನ್ನ ಹೆಸರಿನ ಜೊತೆಗೇ, ನಾನು ಯಾರಲ್ಲವೋ ಅದನ್ನು ಹಾಕುತ್ತೀಯೆ.

ಅಮ್ಮನಿಗೆ ಫೋನಿನಲ್ಲಿ ಮದುವೆಯ ಕರೆಯ ವಿಷಯ ಹೇಳಿದೆ. ಹಿಂದೆ ಕಾಯುತ್ತಿದ್ದ ಎಣ್ಣೆಯ ಸದ್ದು ಕೇಳುತ್ತಿತ್ತು, ಶನಿವಾರದ ಗ್ವಿನ್ಯಾ, ಆ ಹಿಟ್ಟಿನ ಉಂಡೆ ಕರಿಯುತ್ತಿದ್ದಳು. ನೀನು ಬಂದಾಗಲೆಲ್ಲ ಬಿಸಿಬಿಸಿಯಾಗಿ ಎರಡೆರಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆಯಲ್ಲ, ಅವೇ. ಅವಳು ಕೇಳಿದ್ದು ಇಷ್ಟೇ: "ಉಣ್ಣೋಕೆ ಕರೆದಿದ್ದಾರಾ, ಬಡಿಸೋಕೆ ಕರೆದಿದ್ದಾರಾ? ಕೇಳ್ಕೊಂಡು ಹೋಗು."

ಅದಕ್ಕೇ ಕೇಳುತ್ತಿದ್ದೇನೆ. ಸಲಹೆಯನ್ನು ಅಚ್ಚು ಹಾಕಿಸು, ಇಸ್ತ್ರಿಪೆಟ್ಟಿಗೆಯ ಕತೆ ಬಿಟ್ಟುಬಿಡು, ಮೇಜಿನ ಕತೆಯನ್ನೂ ಬಿಡು. ಕೆಳಗೆ 'ವಧುವಿನ ತಂಗಿ ಖೆಥಿವೆ' ಎಂದು ಹಾಕಿಸು. ಅಚ್ಚಾದ ಒಂದು ಪ್ರತಿಯನ್ನು ಇಲ್ಲಿಗೆ ಕಳಿಸು. ಅದನ್ನು ಕಣ್ಣಲ್ಲಿ ನೋಡಿದ ದಿನ ಬಸ್ಸು ಹತ್ತುತ್ತೇನೆ, ಯಾವ ಮೇಜಿಗೆ ಹಾಕಿದರೂ ಕುಳಿತುಕೊಳ್ಳುತ್ತೇನೆ. ಅದಾಗದಿದ್ದರೆ ನನ್ನ ಹೆಸರೇ ಬೇಡ. ಯಾರೋ ಬರೆದದ್ದು ಎಂದು ಹಂಚು, ನಾನು ಇಲ್ಲೇ ಬಕೆಟ್ಟಿನ ಸಾಲಿನಲ್ಲಿರುತ್ತೇನೆ. ಬೇರೆ ದೋಣಿ ನನಗೆ ಅಭ್ಯಾಸವಾಗಿದೆ.

ನೀನು ಸುಖವಾಗಿರು. ಇದು ಬಾಯಿಮಾತಲ್ಲ. ವಾರೆನ್ ಒಳ್ಳೆಯವನು. ನಿಮಗೆ ಹುಟ್ಟುವ ಮಕ್ಕಳು ಒಂದೇ ಮಗ್ಗುಲಿನಲ್ಲಿ ನಿಲ್ಲಲಿ, ಎಲ್ಲರ ಕೋಣೆಗೂ ಕಿಟಕಿ ಇರಲಿ, ಸಮುದ್ರದ ಬಣ್ಣವನ್ನು ಅವರು ತಾವೇ ನೋಡಿಕೊಳ್ಳಲಿ.

ಇಂತಿ,
ಖೆಥಿವೆ
(ಹೆಸರಿನ ಕೆಳಗೆ ಜಾಗ ಬಿಟ್ಟಿದ್ದೇನೆ, ನೀನೇ ತುಂಬು.)

ಮರೆತ ಮಾತು: ಮೇಲೆ ಹೊಡೆದುಹಾಕಿದ ಪದ 'ಸಿಸಿ'. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ, ಹಾಸ್ಟೆಲಿಗೆ ಮೊದಲ ಸಲ ಚಾಕೊಲೇಟು ಹಿಡಿದು ಬಂದ ದಿನ ಹಾಗೆ ಕರೆಯೋಣ ಎಂದವಳು ನೀನೇ. ನಮ್ಮ ಡರ್ಬನ್ನಿನಲ್ಲಿ ಒಡಹುಟ್ಟಿದವಳೂ ಸಿಸಿ, ಅಂಗಡಿಯಲ್ಲಿ ಬ್ರೆಡ್ಡು ಕಟ್ಟಿಕೊಡುವವಳೂ ಸಿಸಿ, ಮನೆ ಒರೆಸುವವಳೂ ಸಿಸಿ. ಮಿಸೆಸ್ ಟ್ರಸ್ಕಾಟ್ ಆ ಮಾತಾಡಿದ ಮೇಲೆ ನಾನು ಅಪ್ಪನ ಮುಖ ನೋಡಲಿಲ್ಲ, ನಿನ್ನ ಮುಖ ನೋಡಿದೆ. ನೀನೂ ನನ್ನನ್ನು ನೋಡಿದೆ. ಆಮೇಲೆ ಆ ಮುದುಕಿಗೆ ಕೇಳಿಸುವಷ್ಟು ಗಟ್ಟಿಯಾಗಿ, ನಗುತ್ತ, "ಸಿಸಿ, ಸ್ವಲ್ಪ ಉಪ್ಪು ಕೊಡು" ಎಂದೆ. ನಾನು ಎದ್ದು ಮೇಜು ಸುತ್ತಿ ಬಂದು ಕೊಟ್ಟೆ. ಉಪ್ಪು ನಿನ್ನ ತಟ್ಟೆಯ ಪಕ್ಕದಲ್ಲೇ ಇತ್ತು, ಇಮೊಜೆನ್.