ಬೀಗರ ಪಿರಮಿಡ್ಡು

ಕೊಟ್ಟೂರು
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಗಂಗಾಂಬಿಕಾ,

ಹೇಗಿದ್ದೀ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಮೊಮ್ಮಗಳಿಗೆ ಎರೆಯುವ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೀಯೋ? ಗೀತಾಂಜಲಿ ಪಥ್ಯ ಬಿಟ್ಟು ಮೊನ್ನೆ ಮಿರ್ಚಿ ತಿಂದಳಂತೆ. ಬಾಣಂತಿಗೆ ಮಿರ್ಚಿ ಕೊಡುವ ಅವ್ವ ನೀನೊಬ್ಬಳೇ ಇರಬೇಕು. ಅಳಿಯಂದಿರು ಅರುಣಕುಮಾರ್ ಅವರ ನೆಗಡಿ ಹೋಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ರೊಟ್ಟಿ ಮಾಡುವ ಪಾಲಮ್ಮ ದಿನಾ ಬರುತ್ತಾಳೆ. ಅವಳ ರೊಟ್ಟಿ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. "ಯಜಮಾನ್ರ, ಅಮ್ಮಾರು ಯಾವಾಗ ಬರ್ತಾರ್ರಿ" ಎಂದು ತಟ್ಟೆ ಮುಂದಿಡುವಾಗಲೆಲ್ಲ ಕೇಳುತ್ತಾಳೆ. ನಾನೂ ಅದನ್ನೇ ಕೇಳೋಣ ಎಂದು ಈ ಕಾಗದ ಹಿಡಿದಿದ್ದೇನೆ.

ಹರಪನಹಳ್ಳಿಯೇನು ಕಾಶಿಯಲ್ಲ, ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ, ಜೇಬಿನಲ್ಲಿ ಫೋನೂ ಇದೆ, ಹಾಗಿದ್ದೂ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ನೀನು ಅಂದುಕೊಳ್ಳುತ್ತೀ. ಬೀಗರ ಮನೆಗೆ ಕರೆಯದೆ ಹೋಗಲಾಗದು, ಅದು ನಿನಗೂ ಗೊತ್ತು. ಇನ್ನು ಫೋನು ಮಾಡಿದರೆ ನೀನು ಅದನ್ನು ಕೂಸಿನ ಪಕ್ಕದಲ್ಲಿಟ್ಟು ಸ್ಪೀಕರಿಗೆ ಹಾಕುತ್ತೀ. ನಾನು "ಊಟ ಆತಾ" ಅನ್ನುವಷ್ಟರಲ್ಲಿ ಆ ಕಡೆಯಿಂದ ಬೀಗರು "ನಮಸ್ಕಾರ ಬೀಗರೇ, ಇವತ್ತೊಂದು ಹೊಸ ವಿಷಯ ಐತೆ" ಎಂದು ಶುರು ಹಚ್ಚಿಕೊಳ್ಳುತ್ತಾರೆ. ಹೆಣ್ಣು ಕೊಟ್ಟವನು ನಾನು, ಗಂಡಿನ ತಂದೆ ಅವರು. "ಹೌದ್ರಿ, ಖರೇ ಐತ್ರಿ" ಅನ್ನುವುದು ಬಿಟ್ಟು ನನ್ನ ಬಾಯಿಗೆ ಬೇರೆ ಕೆಲಸವಿಲ್ಲ. ಕಾಗದದಲ್ಲಾದರೆ ಅವರು ನಡುವೆ ಬರಲಾರರು. ಇದನ್ನು ನೀನೊಬ್ಬಳೇ ಓದು, ಗೀತಾಂಜಲಿಗೂ ತೋರಿಸಬೇಡ.

ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗಿದೆ. ಈ ವಯಸ್ಸಿನಲ್ಲಿ, ತಲೆ ಬೆಳ್ಳಗಾದ ಮೇಲೆ, ಪಾತ್ರೆ ಅಂಗಡಿಯಲ್ಲಿ ಕೂತು ಒಬ್ಬ ಮನುಷ್ಯ ತನ್ನ ಬೀಗರ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಚೆಂದವಲ್ಲ. ಆದರೂ ಉರಿಯುತ್ತಿದೆ. ಗುರುಬಸವರಾಜ ಅವರು ಒಳ್ಳೆಯವರು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಓವರ್ಸಿಯರ್ ಕೆಲಸದಲ್ಲಿ ಊರೂರು ತಿರುಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೂ ಮನೆಯನ್ನು ಸೊಗಸಾಗಿ ಇಟ್ಟುಕೊಂಡವರು, ನಮ್ಮ ಮಗಳಿಗೆ ಒಂದು ದಿನ ಗದರಿದವರಲ್ಲ. ಅದೇ ನನ್ನ ತೊಂದರೆ. ಕೆಟ್ಟವರಾಗಿದ್ದರೆ ಇಲ್ಲೇ ಕೂತು ಬೈದು ಹಗುರಾಗುತ್ತಿದ್ದೆ.

ನೀನು ಹೋದದ್ದು ಬಾಣಂತನಕ್ಕೆ. ಚೊಚ್ಚಲು ನಮ್ಮಲ್ಲೇ ಆಗಿತ್ತು, ಈ ಸಲ ಡಾಕ್ಟರು ಪ್ರಯಾಣ ಬೇಡ ಎಂದದ್ದಕ್ಕೆ ನೀನೇ ಅಲ್ಲಿಗೆ ಹೋಗಬೇಕಾಯಿತು, ಸರಿ. ಆಷಾಢದಲ್ಲಿ ಹೋದವಳು, ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಬರುತ್ತೇನೆ ಅಂದಿದ್ದೆ. ತೊಟ್ಟಿಲಿಗೆ ಹಾಕಿದ್ದೂ ಆಯಿತು, ದೀಪಾವಳಿ ಹೋಯಿತು, ಕಾರ್ತೀಕ ಮುಗಿಯುತ್ತ ಬಂತು. ಬರುವುದು ಯಾವಾಗ ಎಂದು ಕೇಳಿದರೆ ನೀನು ಪಿರಮಿಡ್ಡಿನ ಸುದ್ದಿ ಹೇಳುತ್ತೀ.

ಪ್ರತಿ ಸಂಜೆ ಬೀಗರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ನೋಡಿದ್ದನ್ನೂ ಪುಸ್ತಕದಲ್ಲಿ ಓದಿದ್ದನ್ನೂ ಸೇರಿಸಿ, ಈಜಿಪ್ಟಿನ ಪಿರಮಿಡ್ಡು ಕಟ್ಟಿದವರು ಯಾರು ಎಂದು ಹೇಳುತ್ತಾರಂತೆ. ನೀನು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೇಳುತ್ತೀಯಂತೆ. ಮೊದಲ ವಾರ, ಕಟ್ಟಿದ್ದು ಆಕಾಶದಿಂದ ಇಳಿದವರು ಎಂದರು. ಅಷ್ಟು ದೊಡ್ಡ ಕಲ್ಲನ್ನು ಮನುಷ್ಯರು ಎತ್ತಲಾಗದಂತೆ, ಬೇರೆ ಗ್ರಹದವರು ತಟ್ಟೆಯಂಥ ವಿಮಾನದಲ್ಲಿ ಬಂದು ಇಟ್ಟು ಹೋದರಂತೆ. ತಟ್ಟೆ ಮಾರುವವನು ನಾನು. ಸ್ಟೀಲಿನದು, ಹಿತ್ತಾಳೆಯದು, ಮದುವೆಯಲ್ಲಿ ಕೊಡುವ ಹೆಸರು ಕೊರೆದದ್ದು, ಎಲ್ಲ ನೋಡಿದ್ದೇನೆ, ಕಲ್ಲು ಹೊರುವ ತಟ್ಟೆ ನೋಡಿಲ್ಲ. ಅಷ್ಟು ದೂರದಿಂದ ಬಂದವರು ಯಾರದೋ ಗೋರಿ ಕಟ್ಟಿಕೊಟ್ಟು, ಒಂದು ಲೋಟ ನೀರೂ ಕುಡಿಯದೆ ತಿರುಗಿ ಹೋದರೇ? ಮುಂದಿನ ವಾರ ಅವರನ್ನು ಬಿಟ್ಟು, ಸಮುದ್ರದಲ್ಲಿ ಮುಳುಗಿಹೋದ ಯಾವುದೋ ದ್ವೀಪದ ಜನರನ್ನು ಹಿಡಿದರು. ಮುಳುಗಿಹೋದವರ ಮನೆಗೆ ಹೋಗಿ ಸಾಕ್ಷಿ ಕೇಳುವಂತಿಲ್ಲ, ಅದೊಂದು ಅನುಕೂಲ. ಆಮೇಲೆ ಕಲ್ಲು ಕಡಿದೇ ಇಲ್ಲ, ಸುಣ್ಣಕಲ್ಲಿನ ಪುಡಿ ಕಲಸಿ ಅಚ್ಚಿಗೆ ಸುರಿದದ್ದು, ಇವತ್ತಿನ ಕಾಂಕ್ರೀಟಿನ ಹಾಗೆ ಎಂದರು. ಓವರ್ಸಿಯರ್ ಆಗಿದ್ದವರಿಗೆ ಕಂಡಲ್ಲೆಲ್ಲ ಕಾಂಕ್ರೀಟು ಕಾಣುವುದು ಸಹಜ. ದೀಪಾವಳಿ ಹೊತ್ತಿಗೆ ಅದೂ ಹಳೆಯದಾಗಿ, ನಮ್ಮ ಕಡೆಯ ಗುಡಿ ಕಟ್ಟುವವರೇ ಹಡಗು ಹತ್ತಿ ಹೋಗಿ ಕಟ್ಟಿದ್ದು ಎಂದಾಯಿತು. "ಹಡಗಲಿ ಅಂದ್ರೆ ಏನು ಬೀಗರೇ, ಹಡಗು ಇದ್ದ ಊರು ಅಲ್ವಾ" ಎಂದು ಫೋನಿನಲ್ಲಿ ನನ್ನನ್ನೇ ಕೇಳಿದರು. ಹಿರೇಹಡಗಲಿಯ ನನ್ನ ಸೋದರಮಾವ ತುಂಗಭದ್ರೆಯಲ್ಲಿ ತೆಪ್ಪ ಹತ್ತಲು ಹೆದರಿ ಬಸ್ಸಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದವನು. ಆದರೂ ನಾನು "ಹೌದ್ರಿ, ಖರೇ ಐತ್ರಿ" ಅಂದೆ. ಆಗ ನೀನು ನಕ್ಕೆ.

ಆ ನಗು ನನಗೆ ಕೇಳಿಸಿತು, ಗಂಗಾಂಬಿಕಾ. ನೀನು ಇಲ್ಲಿಯೂ ನಗುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಪಾಲಮ್ಮನ ಜೊತೆ, ಓಣಿಯವರ ಜೊತೆ. ನಾನು ಹೊಸ್ತಿಲು ದಾಟಿ ಬಂದರೆ ನಿನ್ನ ಮುಖ ಅಡುಗೆಮನೆಯ ಕಡೆ ತಿರುಗುತ್ತಿತ್ತು, ಊಟಕ್ಕೆ ಹಾಕಬೇಕಲ್ಲ. ಇನ್ನೊಂದು ಮಾತು. ಬೀಗರು ನಿನ್ನನ್ನು "ಗಂಗಾಂಬಿಕಾ ಅವರೇ" ಎಂದು ಪೂರಾ ಹೆಸರು ಹಿಡಿದು ಕರೆಯುತ್ತಾರೆ. ಬೀಗಿತ್ತಿಯನ್ನು ಅಕ್ಕಾರೇ ಅಂದರೆ ಸಾಲದೇ? ನಾನು ಇಷ್ಟು ವರ್ಷ "ಕೇಳಿಲ್ಲಿ" ಎಂದೇ ಕರೆದವನು. ಈ ಕಾಗದದ ತಲೆಯ ಮೇಲೆ ನಿನ್ನ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಬರೆದ ಮೇಲೆ ಚೆನ್ನಾಗಿಯೇ ಕಂಡಿತು.

ಈಗ ಪ್ರವಾಸದ ವಿಷಯ. ತೊಟ್ಟಿಲ ದಿನ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ, ಬೀಗರು ಎಲ್ಲರ ಮುಂದೆ ಹೇಳಿದರು. ದಾವಣಗೆರೆಯಿಂದ ಹಿರಿಯರ ತಂಡವೊಂದು ಸಂಕ್ರಾಂತಿ ಕಳೆದ ಮೇಲೆ ಈಜಿಪ್ಟಿಗೆ ಹೊರಡುತ್ತದೆ, ತಾವೂ ತಮ್ಮ ಅಕ್ಕ ನೀಲಗಂಗಮ್ಮನವರೂ ಹೋಗುತ್ತೇವೆ, "ನೀವಿಬ್ರೂ ಬರ್ರಿ ಬೀಗರೇ" ಎಂದು. ನಾನು ದೊಡ್ಡ ಮನುಷ್ಯನಂತೆ "ಸತ್ತೋರ ಗೋರಿ ನೋಡಾಕ ಅಷ್ಟು ದೂರ ಯಾಕ್ರಿ, ಅಂಗಡಿ ಯಾರು ನೋಡ್ತಾರ? ಬೇಕಾದ್ರ ಆಕಿನ್ನ ಕರ್ಕೊಂಡು ಹೋಗ್ರಿ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಹೊಸಪೇಟೆ ದಾಟಲು ಸಹ ಮೂರು ಸಲ ಯೋಚಿಸುವ ನೀನು ಒಲ್ಲೆ ಅನ್ನುತ್ತೀ ಎಂದುಕೊಂಡಿದ್ದೆ. ನೀನು ಕೂಸಿನ ಕುಲಾವಿ ಸರಿಮಾಡುತ್ತ, ತಲೆಯನ್ನೂ ಎತ್ತದೆ, "ಹೂಂನ್ರಿ, ನಾ ಬರ್ತೀನಿ" ಅಂದೆ. ಬಾಯಿಂದ ಬಿದ್ದ ಮಾತು, ಒಡೆದ ಮುತ್ತು. ನಾನು ಎಲೆಗೆ ಸುಣ್ಣ ಹೆಚ್ಚು ಹಚ್ಚಿಕೊಂಡು ಬಾಯಿ ಸುಟ್ಟುಕೊಂಡದ್ದನ್ನು ಯಾರೂ ನೋಡಲಿಲ್ಲ. ನೀಲಗಂಗಮ್ಮನವರು ಜೊತೆಗಿರುವುದರಿಂದ ನಾನು ತೆಗೆಯಬಹುದಾದ ಒಂದೇ ತಕರಾರೂ ಉಳಿಯಲಿಲ್ಲ.

ಪಾಸ್‌ಪೋರ್ಟು ಮಾಡಿಸಲು ನಿನ್ನ ಆಧಾರ್ ಕಾರ್ಡು, ಶಾಲೆಯ ಸರ್ಟಿಫಿಕೇಟು ಕಳಿಸಲು ನೀನು ಹೇಳಿ ಎಷ್ಟೋ ದಿನವಾಯಿತು. ಟ್ರಂಕಿನ ಕೀಲಿ ಸಿಗುತ್ತಿಲ್ಲ ಎಂದೆ, ಹುಡುಕುತ್ತಿದ್ದೇನೆ ಎಂದೆ, ಇಲಿ ಕಡಿದಿರಬಹುದು ಎಂದೂ ಅಂದೆ. ಕೀಲಿ ಮೊದಲ ದಿನವೇ ಮೊಳೆಯ ಮೇಲೆ ಕಣ್ಣೆದುರಿಗೇ ಇತ್ತು. ಕಾಗದಗಳೂ ನೀನು ಇಟ್ಟಲ್ಲೇ, ಇಳಕಲ್ ಸೀರೆಯ ಮಡಿಕೆಯಲ್ಲಿ ಅಚ್ಚುಕಟ್ಟಾಗಿ ಇದ್ದವು. ಕಳಿಸಿದರೆ ನೀನು ಹೋಗುತ್ತೀ, ಅವರು ಅಲ್ಲಿ ಮರಳಿನಲ್ಲಿ ನಿಂತು ಕೈ ತೋರಿಸುತ್ತ "ನೋಡಿ ಗಂಗಾಂಬಿಕಾ ಅವರೇ" ಅನ್ನುತ್ತಾರೆ, ನೀನು ಬಾಯಿ ತೆರೆದು ಕೇಳುತ್ತೀ. ನಾನು ಇಲ್ಲಿ ಕುಕ್ಕರಿನ ರಬ್ಬರು ಮಾರುತ್ತಿರುತ್ತೇನೆ. ಅದಕ್ಕೇ ಕಳಿಸಲಿಲ್ಲ.

ಬೀಗರ ಮಾತನ್ನೆಲ್ಲ ಸುಳ್ಳು ಮಾಡಬೇಕೆಂದು ನಾನೂ ಹೊರಟೆ, ಕೈಕಟ್ಟಿ ಕೂರಲಿಲ್ಲ. ನಮ್ಮ ಓಣಿಯಲ್ಲಿ ಬಾಡಿಗೆಗಿರುವ ವಾಣಿಶ್ರೀ ಮೇಡಂ ಗೊತ್ತಲ್ಲ, ಕಾಲೇಜಿನಲ್ಲಿ ಇತಿಹಾಸ ಹೇಳುವವರು, ಚೆನ್ನಾಗಿ ಸೀರೆ ಉಡುತ್ತಾರೆ ಎಂದು ನೀನೇ ಹೊಗಳುತ್ತಿದ್ದೆ, ಅವರು ಈಚೆಗೆ ದಿನಾ ಸಂಜೆ ಅಂಗಡಿಗೆ ಬಂದು ನನಗೆ ಪಿರಮಿಡ್ಡಿನ ಪಾಠ ಹೇಳುತ್ತಾರೆ ಎಂದು ಬರೆಯಬೇಕೆಂದಿದ್ದೆ, ನಿನಗೂ ಸ್ವಲ್ಪ ಉರಿಯಲಿ ಎಂದು. ಬಂದದ್ದು ಒಂದೇ ದಿನ, ಜೊತೆಗೆ ಅವರ ಯಜಮಾನರೂ ಇದ್ದರು. ಆದರೆ ಕೇಳಿದ್ದಕ್ಕೆಲ್ಲ ನಿಂತುಕೊಂಡೇ ಉತ್ತರ ಹೇಳಿದರು. ಕಟ್ಟಿದ್ದು ಆ ದೇಶದ ಜನರೇ ಅಂತೆ. ಚಾವಟಿಯ ಕೆಳಗಿನ ಗುಲಾಮರೂ ಅಲ್ಲ, ಪಾಳಿಯ ಮೇಲೆ ಬಂದು ದುಡಿದವರಂತೆ. ಪಿರಮಿಡ್ಡಿನ ಹತ್ತಿರವೇ ಅಗೆದಾಗ ಅವರು ಇದ್ದ ಊರು ಸಿಕ್ಕಿದೆ, ಅವರ ಗೋರಿಗಳೂ ಸಿಕ್ಕಿವೆ, ಕೆಲವುಗಳಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇದೆಯಂತೆ. ಆ ಊರಿನಲ್ಲಿ ದನಕುರಿಗಳ ಮೂಳೆಯ ರಾಶಿ, ಮತ್ತೆ ರೊಟ್ಟಿ ಸುಡುವ ದಪ್ಪ ಮಣ್ಣಿನ ಪಾತ್ರೆಗಳು. ಪಾತ್ರೆ, ಕೇಳಿದೆಯಾ. ಎಲ್ಲೆಲ್ಲೋ ಸುತ್ತಿದ ವಿಷಯ ಕೊನೆಗೆ ನನ್ನ ವ್ಯಾಪಾರಕ್ಕೇ ಬಂದು ನಿಂತಿತು.

ಆವತ್ತು ಅಂಗಡಿಯ ಬಾಗಿಲು ಎಳೆದು ಮನೆಗೆ ಬರುವಾಗ ನನಗೆ ನಮ್ಮ ಮನೆಗೆ ಸ್ಲ್ಯಾಬ್ ಹಾಕಿದ ದಿನ ನೆನಪಾಯಿತು. ಕಲಸುವ ಮಿಷನ್ನು ಕೆಟ್ಟು, ಪಡುವಣ ಕಡೆ ಮೋಡ ಕಟ್ಟಿ, ಆಳುಗಳು ಬುಟ್ಟಿ ಎಸೆದು ಹೊರಟು ನಿಂತಿದ್ದರು. ಮಿಷನ್ನು ರಿಪೇರಿಗೆ ಬಂದಿದ್ದ ರಹಿಮಾನ್‌ನ ಪರಿಚಯವಾದದ್ದೂ ಆವತ್ತೇ. ನೀನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಬೋಗುಣಿಯಲ್ಲಿ ಗೋಧಿ ಹುಗ್ಗಿ ಇಟ್ಟಿದ್ದೆ. ಗೌಂಡಿಗಳ ಹಿರಿಯ ಆ ವಾಸನೆ ಹಿಡಿದು, "ಅಕ್ಕಾರು ಹುಗ್ಗಿ ಮಾಡ್ಯಾರ, ಅರ್ಧ ಬಿಟ್ಟು ಹ್ಯಾಂಗ ಉಣ್ಣೂದು, ಮುಗಿಸೇ ಕುಂದ್ರೂನು" ಅಂದ. ಮಳೆ ಬೀಳುವುದರೊಳಗೆ ಮುಗಿಸಿದರು. ಅಲ್ಲಿಯೂ ಹೀಗೆಯೇ ಆಗಿದೆ, ಇದು ನನ್ನ ಸಿದ್ಧಾಂತ. ರಾಜ ಹೆಸರು ಹಾಕಿಸಿಕೊಂಡ, ಓವರ್ಸಿಯರ್ ಅಳತೆ ಹಿಡಿದ, ಆದರೆ ಕಲ್ಲು ಮೇಲೇರಿದ್ದು ಕೆಳಗೆ ಯಾರೋ ಹೊತ್ತಿಗೆ ಸರಿಯಾಗಿ ರೊಟ್ಟಿ ಸುಟ್ಟದ್ದಕ್ಕೆ. ರಹಿಮಾನ್‌ಗೆ ಹೇಳಿದೆ. "ಖರೇ ಮಾತು ಅಣ್ಣಾ, ಬಿರಿಯಾನಿ ಇಟ್ಟಿದ್ರ ನಾ ಎರಡು ಕಟ್ತಿದ್ನಿ" ಅಂದ.

ಇದನ್ನು ಮೊದಲು ನಿನಗೇ ಹೇಳಬೇಕಿತ್ತು. ಮನೆಗೆ ಬಂದು ದೀಪ ಹಾಕಿದೆ. ಹೇಳಲು ನನ್ನ ಹತ್ತಿರವೂ ಒಂದು ಸಂಗತಿ ಇತ್ತು, ಕೇಳಲು ನೀನಿರಲಿಲ್ಲ. ಫೋನು ಹಚ್ಚಿದರೆ ಎತ್ತಿದವರು ಬೀಗರು. "ಪಿರಮಿಡ್ಡು ವಿದ್ಯುತ್ ತಯಾರು ಮಾಡೋ ಯಂತ್ರ ಆಗಿತ್ತಂತೆ ಬೀಗರೇ" ಅಂದರು. "ಖರೇ ಐತ್ರಿ" ಎಂದು ಫೋನು ಇಟ್ಟೆ. ಊಟ ರುಚಿಸಲಿಲ್ಲ. ನೀನು ಇಲ್ಲದ ಮನೆಯಲ್ಲಿ ನನಗೆ ಬೇಸರ, ಇದನ್ನು ಬೇರೆ ಹೇಗೆ ಬರೆಯುವುದೋ ಗೊತ್ತಿಲ್ಲ.

ನನ್ನ ಸಿದ್ಧಾಂತವನ್ನು ಬೀಗರಿಗೆ ಹೇಳಬೇಡ. ಅವರು ಅದಕ್ಕೊಂದು ವಿಡಿಯೋ ಹುಡುಕಿ ತಮ್ಮದೇ ಮಾಡಿಕೊಳ್ಳುತ್ತಾರೆ. ನಿನ್ನ ಕಾಗದಪತ್ರಗಳನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ರಹಿಮಾನ್ ಬಿಡಿಭಾಗ ತರಲು ಹರಪನಹಳ್ಳಿಗೆ ಹೊರಟಿದ್ದಾನೆ, ನಿನ್ನ ಕೈಗೇ ಕೊಡುತ್ತಾನೆ. ಹೋಗಬೇಕು ಅನ್ನಿಸಿದರೆ ಹೋಗು, ನಾನು ಅಡ್ಡ ಬರುವುದಿಲ್ಲ. ಅಲ್ಲಿ ಚಳಿ ಇರುತ್ತದಂತೆ, ಶಾಲು ಇಟ್ಟುಕೋ.

ಎರಡೂ ಮಕ್ಕಳ ಹಣೆಗೆ ನನ್ನ ಪರವಾಗಿ ವಿಭೂತಿ ಹಚ್ಚು. ಗೀತಾಂಜಲಿಗೂ ಅಳಿಯಂದಿರಿಗೂ ಕೊಟ್ಟೂರೇಶ್ವರ ಒಳ್ಳೆಯದು ಮಾಡಲಿ. ನೀಲಗಂಗಮ್ಮನವರಿಗೆ ನಮಸ್ಕಾರ. ಬೀಗರಿಗೂ ಒಂದು ನಮಸ್ಕಾರ ಹೇಳು, ತೀರಾ ದೊಡ್ಡದೇನೂ ಬೇಡ.

ಇಂತಿ, ನಿನ್ನ
ಗುರುಸಂಗಪ್ಪ

ತಾ.ಕ. ರಹಿಮಾನ್ ಹೊರಗೆ ಗಾಡಿ ಚಾಲೂ ಮಾಡಿ ಹಾರ್ನು ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ನಿನ್ನ ಕಾಗದಗಳ ಕೆಳಗೆ ಇನ್ನೊಂದು ಜೊತೆ ಇವೆ, ಅವು ನನ್ನವು. ಅಂಗಡಿಯನ್ನು ರಹಿಮಾನ್ ನೋಡಿಕೊಳ್ಳುತ್ತಾನಂತೆ. ಆ ದಿನ ಎಲ್ಲರ ಮುಂದೆ ಒಲ್ಲೆ ಅಂದವನು ಈಗ ನಾನಾಗಿಯೇ ಬರುತ್ತೇನೆ ಎಂದು ಹೇಗೆ ಹೇಳಲಿ? ಬೀಗರು ಇನ್ನೊಂದು ಸಲ ಕರೆಯಬೇಕು. ಅವರಿಗೇ ತೋಚಿ ಕರೆದ ಹಾಗಿರಲಿ, ನೀನು ಹೇಳಿಕೊಟ್ಟದ್ದು ಗೊತ್ತಾಗಬಾರದು. ಒಂದೇ ಸಲ ಸಾಕು, ಈ ಸಲ ಬಿಗುಮಾನ ಮಾಡುವುದಿಲ್ಲ. ವಿಮಾನದಲ್ಲಿ ಮೂರು ಮೂರು ಸೀಟು ಒಂದು ಸಾಲಿಗಂತೆ. ಕಿಟಕಿ ನಿನಗೆ, ನಡುವಿನದು ನನಗೆ, ಆ ತುದಿ ಬೀಗರಿಗೆ. ನೀಲಗಂಗಮ್ಮನವರು ಎಲ್ಲಿ ಬೇಕಾದರೂ ಕೂರಲಿ.