ಗೆರೆ ಕಾಣದ ದುರ್ಬೀನು

ಕೊಪ್ಪಳ
೨೦ ಸೆಪ್ಟೆಂಬರ್ ೧೯೩೯

ನನ್ನ ಪ್ರೀತಿಯ ರೀ,

ನಗಬೇಡಿ. ಗಂಡನ ಹೆಸರು ಬರೆದರೆ ಅವರ ಆಯುಸ್ಸು ಕಡಿಮೆಯಾಗುತ್ತದೆಂದು ಅತ್ತೆಯವರು ಹೇಳಿದ ಮೇಲೆ, ಕಾನ್ವೆಂಟಿನಲ್ಲಿ ಕಲಿತ ಒಕ್ಕಣೆಯೆಲ್ಲ ದಂಡವಾಯಿತು. ಹೇಗಿದ್ದೀರಿ? ಕೆಮ್ಮು ಹೋಯಿತೇ? ಬೊಂಬಾಯಿಯ ಹತ್ತಿ ಮಿಲ್ಲಿನ ಧೂಳಿಗೆ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಇಲ್ಲಿ ಎಲ್ಲರೂ ಕ್ಷೇಮ. ನಾನು ರೊಟ್ಟಿ ಬಡಿಯುವುದನ್ನು ಕಲಿತೆ! ದುಂಡಗೆ ಬರುವುದಿಲ್ಲ, ನಿಜಾಮರ ಸಂಸ್ಥಾನದ ನಕಾಶೆಯಂತೆ ಬರುತ್ತದೆ. ಆದರೂ ಮಾವನವರು ಮಾತಿಲ್ಲದೆ ತಿನ್ನುತ್ತಾರೆ. ಅಯ್ಯೋ, ಮಾವನವರ ಮಾತು ಬಂದೇಬಿಟ್ಟಿತು. ಇನ್ನು ಹೇಳದೆ ವಿಧಿಯಿಲ್ಲ.

ಸಿಕಂದರಾಬಾದಿನ ಅಂಗಡಿಯವರು ಆರಿಸಿಕೊಳ್ಳಲು ಕಳಿಸಿದ್ದ, ರೈಫಲಿನ ಮೇಲೆ ಕೂಡಿಸುವ ಎರಡು ಜರ್ಮನ್ ದುರ್ಬೀನುಗಳಲ್ಲಿ ದೊಡ್ಡದನ್ನು ಇಟ್ಟುಕೋ, ದೋಷವಿದ್ದರೆ ಮಾತ್ರ ಬಿಡು ಎಂದು ನೀವು ಬರೆದಿದ್ದಿರಿ. ದೋಷವಿರಲಿಲ್ಲ ರೀ. ನಾನೇ ಮಾಳಿಗೆ ಹತ್ತಿ ನೋಡಿದೆ. ಗುಡ್ಡದ ಬುಡದ ಮಣ್ಣಿನ ದಿಬ್ಬಕ್ಕೆ ಗುರಿಗೆಂದು ನೀವು ಆನಿಸಿಟ್ಟ ತಗಡು, ಅದರ ಸುಣ್ಣದ ಬೊಟ್ಟು, ಬೊಟ್ಟಿನ ಅಂಚಿನ ಹಳೆಯ ತೂತು ಕೂಡ ಕಂಡವು. ಗುರಿ ಹಿಡಿಯುವ ಎರಡು ಗೆರೆಗಳು ಗಾಜಿನ ನಡುವೆ ಕೂದಲಿನಷ್ಟು ಸಣ್ಣಗೆ ಒಂದನ್ನೊಂದು ಹಾಯ್ದಿದ್ದವು. ಚಿಕ್ಕದರಲ್ಲಿ ಎಲ್ಲವೂ ಅದರ ಅರ್ಧದಷ್ಟೇ ದೊಡ್ಡದಾಗಿ ಕಂಡವು. ಬೆಳಕು ಮಾತ್ರ ಹೆಚ್ಚು, ಗೆರೆಯ ಬದಲು ದಬ್ಬಣದಂಥ ದಪ್ಪ ಮೊನೆ. ಆರುನೂರು ಗಜದಾಚೆಯ ಗುರಿಗೆ ಗುಂಡು ಹೊಡೆಯುವ ದಸರಾ ಪಂದ್ಯಕ್ಕೆ ಯಾವುದು ಬೇಕೆಂದು ನನ್ನಂಥವಳಿಗೂ ತಿಳಿಯಿತು.

ಅಷ್ಟರಲ್ಲಿ ಮಾವನವರು ಮೇಲೆ ಬಂದರು. ನಾನು ಸೆರಗು ಎಳೆದುಕೊಂಡು, ಮೆಣಸಿನಕಾಯಿ ಒಣಗಿಸುತ್ತಿದ್ದ ಅತ್ತೆಯವರ ಬೆನ್ನ ಹಿಂದೆ ಸರಿದೆ. ಅವರು ದೊಡ್ಡದರಲ್ಲಿ ಬಹಳ ಹೊತ್ತು ನೋಡಿದರು, ಧೋತರದ ಚುಂಗಿನಿಂದ ಗಾಜು ಒರೆಸಿದರು, ಮತ್ತೆ ನೋಡಿದರು. "ಏ, ಕೇಳಿಲ್ಲಿ! ಇದರಾಗ ಗೆರಿನ ಇಲ್ಲಲ್ಲ! ಅಂಗಡ್ಯಾಂವ ಖೊಟ್ಟಿ ಮಾಲು ಕಳಿಸ್ಯಾನ. ಸೊಸಿನ್ನ ಕೇಳು," ಎಂದರು. ನಮ್ಮಿಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ, ಆದರೂ ಮಾತು ಅತ್ತೆಯವರ ಮೂಲಕವೇ ಬರಬೇಕಲ್ಲ! ಆಗ ನನಗೆ ಹೊಳೆಯಿತು. ಮೊಣಕೈ ನೋವೆಂದು ಅವರು ಬಂದೂಕು ಹಿಡಿಯುವುದನ್ನೇ ಬಿಟ್ಟರೆಂದು ನೀವು ಹೇಳಿದ್ದಿರಲ್ಲ, ನೋವು ಮೊಣಕೈಯದಲ್ಲ ರೀ, ಕಣ್ಣಿನದು. ನಿಮ್ಮಂತೆಯೇ ಹುಬ್ಬು ಗಂಟಿಕ್ಕಿಕೊಂಡು ನಿಂತ ಅವರ ಎದುರು ಗೆರೆ ಇದೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಅತ್ತಿಯಾರ, ಮಾವಾರು ಅಂದದ್ದು ಖರೇ ಐತಿ ಅನ್ರಿ. ಗೆರಿ ಇಲ್ರಿ," ಎಂದುಬಿಟ್ಟೆ.

ಚಿಕ್ಕದನ್ನು ನೋಡಿದ್ದೇ ತಡ, "ಇದು ನೋಡು ಛಲೋ ಮಾಲು! ಮೊನಿ ಹ್ಯಾಂಗ ಕಾಣತೈತಿ!" ಎಂದು ಕುಣಿದಾಡಿದರು. ನೀವು ರೈಫಲಿಗೆ ಮೊದಲೇ ಹಾಕಿಸಿಟ್ಟಿದ್ದ, ದುರ್ಬೀನು ಹಿಡಿಯುವ ಕಬ್ಬಿಣದ ಬಳೆಗಳಿಗೆ ಅದನ್ನು ಕೂಡಿಸಿ ಸಂಜೆ ಹೊಲಕ್ಕೆ ಹೊರಟರು. ಮೊದಲ ಗುಂಡುಗಳು ಮಣ್ಣಿಗೆ ಹೋದವು. ಆಮೇಲೆ ತಗಡು ಠಣ್ ಎಂದಿತು! "ಮುದುಕಗ ಹುಚ್ಚು ಹಿಡದೈತಿ ನೋಡವಾ," ಎಂದು ಅತ್ತೆಯವರು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಗೆರೆಯಿಲ್ಲವೆಂದು ಚಂದದ ಇಂಗ್ಲಿಷಿನಲ್ಲಿ ಸುಳ್ಳು ಬರೆದು ದೊಡ್ಡದನ್ನು ರೈಲಿಗೆ ಹಾಕಿಸಿದೆ. ಚಿಕ್ಕದು ಸಾಲದಿದ್ದರೆ ನೀವು ಇನ್ನೊಂದು ತರಿಸಿಕೊಂಡೀರಿ ಎಂಬ ಧೈರ್ಯ. ಅದರ ಬೆನ್ನಿಗೇ ಯುದ್ಧ ಶುರುವಾಯಿತು. ಗೆರೆಗಳು ಸರಿಯಾಗಿಯೇ ಇವೆ, ಅದು ಬೇರೆಯವರಿಗೆ ಮಾರಾಟವಾಯಿತು, ಇನ್ನು ಜರ್ಮನಿಯಿಂದ ಮಾಲು ಬರುವುದಿಲ್ಲ ಎಂದು ಅಂಗಡಿಯವರು ನಿನ್ನೆ ತಿಳಿಸಿದ್ದಾರೆ. ಪಾಪ, ಅವರಿಗೂ ಸುಮ್ಮನೆ ಕೆಟ್ಟ ಹೆಸರು. ಮದುವೆಯ ಚಪ್ಪರದಲ್ಲೂ ನೀವು ಆ ಪಂದ್ಯದ ಮಾತೇ ಆಡಿದ್ದಿರಿ. ನಾನದನ್ನು ನಿಮ್ಮ ಕೈಯಿಂದ ಕಸಿದೆ. ಈಗ ಇದನ್ನು ಬರೆದು ಮಾವನವರ ಗುಟ್ಟನ್ನೂ ಬಿಟ್ಟುಕೊಟ್ಟೆ. ಅನ್ನ ಸೇರುತ್ತಿಲ್ಲ ರೀ. ಬೈಯುವುದಕ್ಕಾದರೂ ಬೇಗ ಬನ್ನಿ.

ಹಿರಿಯರಿಬ್ಬರ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ನನ್ನ ನಮಸ್ಕಾರ ನಿಮ್ಮ ಪಾದಕ್ಕೆ.

ನಿಮ್ಮವಳೇ ಆದ, ತಪ್ಪು ಮಾಡಿದ
ಶೇಖರಮ್ಮ

ತಾ.ಕ.: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಬಂದ ಕೂಡಲೇ ರೈಫಲ್ ಕೇಳಬೇಡಿ. ದಸರಾ ಪಂದ್ಯಕ್ಕೆ ಮಗನ ಸಂಗಡ ತಾವೂ ಹೆಸರು ಕೊಡುವುದೆಂದು ಮಾವನವರು ದಿನಾ ಅದನ್ನು ಒರೆಸಿಡುತ್ತಿದ್ದಾರೆ. ಮನೆಯಲ್ಲಿರುವುದು ಅದೊಂದೇ. ಈ ವರ್ಷ ನಿಮಗೆ ಮೊಣಕೈ ನೋವು ಎನ್ನಿ. ಆ ನೋವಿನ ಬಗ್ಗೆ ಅವರು ಹೆಚ್ಚು ಕೇಳುವುದಿಲ್ಲ.