ಎರಡನೇ ಆಲ್ಬಮ್ಮಿನ ವರ್ಷ

ಜನವರಿ 9, ಮಂಗಳವಾರ

ಮಧ್ಯಾಹ್ನದವರೆಗೆ ಐಟಿಐ ಹುಡುಗಿಯರಿಗೆ ಸೋಲ್ಡರಿಂಗ್ ಕ್ಲಾಸು ತಗೊಂಡೆ. ಆಮೇಲೆ ನೇರ ಸಾದಲಿ ಬಸ್ಸು. ಸೀಟು ಸಿಕ್ಕಿತು, ಪುಣ್ಯ. ಕಂಡಕ್ಟರು ತೊಡೆಯ ಮೇಲಿನ ಸಿಂತಸೈಜರ್ ನೋಡಿ, “ಏನಮ್ಮಾ ಇದು, ಬಿಪಿ ಮಿಷಿನ್ನಾ?” ಎಂದ. ಮ್ಯೂಸಿಕ್ಕಿನದು ಎಂದೆ. “ಆರ್ಕೆಸ್ಟ್ರಾನಾ?” ಹೂಂ ಎಂದುಬಿಟ್ಟೆ. ಶಿಡ್ಲಘಟ್ಟದಿಂದ ಸಾದಲಿವರೆಗೆ ‘ಎಕ್ಸ್‌ಪೆರಿಮೆಂಟಲ್ ಎಲೆಕ್ಟ್ರಾನಿಕ್’ ಅಂದರೇನು ಅಂತ ವಿವರಿಸುವ ತ್ರಾಣ ಇರಲಿಲ್ಲ.

ಭಾನುಪ್ರಿಯಾ ಆಗಲೇ ಕೇಬಲ್ ಎಳೆದು ಕೂತಿದ್ದಳು. ಅವರ ರೇಷ್ಮೆಹುಳು ಸಾಕುವ ಶೆಡ್ಡು — ಗೂಡು ಮಾರ್ಕೆಟ್ಟಿಗೆ ಹೋಗಿ ಮುಂದಿನ ಹುಳು ಬರುವವರೆಗೆ ಅದು ನಮ್ಮ ಸ್ಟುಡಿಯೋ. ಬ್ಲೀಚಿಂಗ್ ಪೌಡರಿಗೆ ಕಣ್ಣುರಿ. ಆದರೆ ಆ ಖಾಲಿ ಶೆಡ್ಡಿನ ಗುಂಯ್ ಬೇರೆಲ್ಲೂ ಸಿಗುವುದಿಲ್ಲ. ಬಾಗಿಲಿನ ಅಗುಳಿಗೆ ಮೈಕು ಅಂಟಿಸಿ ಬಡಿದೆವು. ಸಂಜೆ ತ್ರೀ ಫೇಸ್ ಕರೆಂಟು ಬಂತು. ಊರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದವು, ಸ್ಪೀಕರಿನಲ್ಲಿ ಹಮ್ಮ್ ಅನ್ನುವ ಕರೆಂಟಿನ ಗೊಣಗು. ಕೆಲಸ ಬಂದ್, ಸಿಂಗಲ್ ಫೇಸ್ ಇದ್ದಾಗಷ್ಟೇ ನಮ್ಮ ರೆಕಾರ್ಡಿಂಗ್. ನಮ್ಮ ಜೋಡಿಗೆ ‘ಸಿಂಗಲ್ ಫೇಸ್’ ಅಂತ ಹೆಸರು ಬಂದದ್ದೇ ಹೀಗೆ. ಆರು ವರ್ಷವಾಯಿತು. ಸದ್ದು ಹುಡುಕುವುದು, ನುಡಿಸುವುದು ಅವಳು. ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದು ಹತ್ತಿರ, ಯಾವುದು ದೂರ — ಅದು ನನ್ನ ಕೆಲಸ.

ಜನವರಿ 28, ಭಾನುವಾರ

ಚಿಕ್ಕಬಳ್ಳಾಪುರದಲ್ಲಿ ಶೋ. ಮುಂದಿನ ಎರಡು ಸಾಲು ತುಂಬಿತ್ತು. ಹಿಂದೆ ಬರೀ ಕುರ್ಚಿಗಳು. ಮುಗಿದ ಮೇಲೆ ಮುನಿವೆಂಕಟಪ್ಪ ಅನ್ನುವ ರಿಟೈರ್ಡ್ ಮೇಷ್ಟ್ರು ಬಂದು ಕೈ ಮುಗಿದರು.

“ಹಾಡು ಈಗ ಶುರುವಾಗುತ್ತೆ, ಈಗ ಶುರುವಾಗುತ್ತೆ ಅಂತ ಕಾಯ್ತಿದ್ದೆ ಕಣಮ್ಮ. ಮುಗೀತು ಅಂದ್ರು. ಆದ್ರೆ ಎದ್ ಹೋಗಬೇಕು ಅಂತ ಮಾತ್ರ ಅನ್ನಿಸ್ಲಿಲ್ಲ.”

ಇಷ್ಟು ಒಳ್ಳೆಯ ಮಾತು ನಮ್ಮ ಬಗ್ಗೆ ಯಾರೂ ಆಡಿಲ್ಲ. ಭಾನು ವಾಪಸ್ ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ನಕ್ಕಳು.

ಫೆಬ್ರವರಿ 16, ಶುಕ್ರವಾರ

ಪುಣೆಯ ಮ್ಯೂಸಿಕ್ ಲೇಬಲ್‌ನಿಂದ ಮೇಲ್. ಎರಡನೇ ಆಲ್ಬಮ್ ಅವರೇ ತರುತ್ತಾರಂತೆ, ಸೆಪ್ಟೆಂಬರಿಗೆ. ನವೆಂಬರಿನಲ್ಲಿ ಪಾಂಡಿಚೇರಿಯ ಫೆಸ್ಟಿವಲ್ಲಿನಲ್ಲಿ ನುಡಿಸಬೇಕು. ಮೂರು ಸಲ ಓದಿದೆ. ಅಪ್ಪ ಕೇಳಿದ್ದು ಒಂದೇ — “ಪಾಂಡಿಚೇರಿಗೆ ಟ್ರೈನ್ ಐತಾ?” ಆಮೇಲೆ ಟೀ ಅಂಗಡಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಮ್ಮೂರು ಮೇಲೂರಿನ ಅರ್ಧ ಜನಕ್ಕೆ ಹೇಳಿರುತ್ತಾರೆ.

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ

ಎಡಗಿವಿ ಮುಚ್ಚಿಕೊಂಡಿದೆ. ನೀರು ಹೋಗಿರಬೇಕು. ತಲೆ ವಾಲಿಸಿ ಕುಣಿದದ್ದಾಯಿತು, ಅಮ್ಮ ನಕ್ಕಳು.

ಅದೇ ದಿನ, ಮಧ್ಯಾಹ್ನ

ನೀರಲ್ಲ. ಫೋನು ಎಡಕ್ಕೆ ಇಟ್ಟರೆ ಏನೂ ಇಲ್ಲ. ಬರೀ ಒಂದು ಸೀಟಿ. ಸಣ್ಣಗೆ. ನಿಲ್ಲದ್ದು. ಭಾನುಗೆ ಫೋನ್ ಮಾಡಿದೆ. ಬರ್ತೀನಿ, ರೆಡಿಯಾಗಿರು ಎಂದಳು.

ಮಾರ್ಚ್ 15, ಶುಕ್ರವಾರ

ಬರೆಯಲೇಬೇಕು.

ಭಾನು ಸ್ಕೂಟಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಟೆಸ್ಟಿಗೆ ಕಳಿಸಿದರು. ಟೆಸ್ಟ್ ಮಾಡುವವರ ಹೆಸರು ಯಾಮಿನಿ, ನನಗಿಂತ ಚಿಕ್ಕವರೇ ಇರಬೇಕು. ಗಾಜಿನ ಆಚೆ ಅವರು, ಈಚೆ ಹೆಡ್‌ಫೋನ್ ಹಾಕಿಕೊಂಡು ನಾನು. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಬಲಗಿವಿಗೆ ಪಟಪಟ ಒತ್ತಿದೆ. ಆಮೇಲೆ ಎಡಗಿವಿ. ಬಟನ್ ಮೇಲೆ ಹೆಬ್ಬೆರಳಿಟ್ಟು ಕಾದೆ. ಅವರು ಏನೋ ತಿರುಗಿಸುತ್ತಿದ್ದರು. ಕಾದೆ.

“ಶುರು ಮಾಡಿ ಮೇಡಂ” ಎಂದೆ.

ಅವರು ತಲೆ ಎತ್ತಲಿಲ್ಲ. ಶುರು ಮಾಡಿ ಎಷ್ಟೋ ಹೊತ್ತಾಗಿತ್ತು.

ಆಮೇಲೆ ಎದ್ದು ಬಂದು ನನ್ನ ಪಕ್ಕ ಕೂತರು. ಕೈ ಹಿಡಿದುಕೊಂಡು ಹೇಳಿದರು — ಇದ್ದಕ್ಕಿದ್ದಂತೆ ಹೀಗಾಗುವುದುಂಟು, ಕಾರಣ ಎಷ್ಟೋ ಸಲ ಗೊತ್ತಾಗುವುದಿಲ್ಲ, ಬೇಗ ಬಂದಿರಿ, ಒಳ್ಳೆಯದಾಯಿತು. ಗಾಜಿನ ಆಚೆಯಿಂದಲೇ ಹೇಳಬಹುದಿತ್ತು. ಎದ್ದು ಬಂದರು. ಅದು ನೆನಪಿರಲಿ.

ಸ್ಟೀರಾಯ್ಡ್ ಮಾತ್ರೆ. ಕಿವಿಯೊಳಗೆ ಇಂಜೆಕ್ಷನ್ನು ಬೇರೆ.

ಏಪ್ರಿಲ್ 3, ಬುಧವಾರ

ಬರಲಿಲ್ಲ. ಎಡಗಿವಿ ಇನ್ನು ಬರುವುದು ಕಷ್ಟ ಎಂದರು ಡಾಕ್ಟರು.

ಒಂದು ಕಿವಿಯಲ್ಲಿ ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ನಿನ್ನೆ ಅಮ್ಮ ಹಿತ್ತಿಲಿಂದ ಕೂಗಿದರೆ ನಾನು ಬೀದಿ ಬಾಗಿಲಿಗೆ ಓಡಿದೆ. ಎಡ, ಬಲ, ದೂರ, ಹತ್ತಿರ — ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ಭಾನುಗೆ ಹೇಳಿದೆ. “ಸಿದ್ಧಾರ್ಥ್‌ನ ಕರ್ಕೊಂಡು ಆಲ್ಬಮ್ ಮುಗಿಸು. ಶಿಡ್ಲಘಟ್ಟದ ಆರ್ಕೆಸ್ಟ್ರಾಗೆ ಅವನೇ ಅಲ್ವಾ ಮಿಕ್ಸ್ ಮಾಡೋದು. ಪಾಂಡಿಚೇರಿಗೂ ಹೋಗು. ಹೆಸರು ನಿನ್ನ ಹತ್ರಾನೇ ಇರಲಿ.”

ಟೀ ಕುಡಿದಳು. ಲೋಟ ಇಟ್ಟಳು. ಬಸ್ಸು ಹತ್ತಿ ಹೋದಳು. ಬೇಡ ಅಂತಾದರೂ ಅನ್ನಬಹುದಿತ್ತು.

ಏಪ್ರಿಲ್ 14, ಭಾನುವಾರ

ಅಂಬೇಡ್ಕರ್ ಜಯಂತಿ. ಹೊರಗೆ ಹೋಗುವ ಮನಸ್ಸಿರಲಿಲ್ಲ. ಅಮ್ಮ ಬಿಳಿ ಸೀರೆ ಕೈಗೆ ಕೊಟ್ಟು, “ಬಾಬಾಸಾಹೇಬ್ರ ಮೆರವಣಿಗೆಗೂ ಬರಲ್ವೇನೇ?” ಎಂದಳು. ಹೋದೆ.

ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಡಿಜೆ ಬಾಕ್ಸುಗಳು. ಜನರ ಮಧ್ಯೆ ಸಿಕ್ಕಿ ಅವು ನನ್ನ ಎಡಗಡೆಗೇ ಬಂದವು. ಬಲಗಿವಿ ಕೈಯಲ್ಲಿ ಮುಚ್ಚಿಕೊಂಡೆ, ಸುಮ್ಮನೆ, ಏನಾಗುತ್ತದೆ ನೋಡೋಣ ಅಂತ. ಬೇಸ್ ಎಡ ಪಕ್ಕೆಲುಬಿಗೆ ಬಂದು ಬಡಿಯಿತು. ಭುಜಕ್ಕೆ. ಎಡ ಅಂಗೈಗೆ. ಎಡಗಡೆಯಿಂದಲೇ ಬಂತು ಅಂತ ಮೈಗೆ ಗೊತ್ತಾಯಿತು.

ಮೆರವಣಿಗೆ ಮುಗಿಯುವವರೆಗೆ ಬಾಕ್ಸಿನ ಪಕ್ಕ ಬಿಟ್ಟು ಕದಲಲಿಲ್ಲ. ಕಣ್ಣಲ್ಲಿ ನೀರು. ಪಕ್ಕದ ಮನೆ ಕೆಂಪರಾಜಣ್ಣ ಮಜ್ಜಿಗೆ ಲೋಟ ಕೊಟ್ಟು, “ಜೈ ಭೀಮ್ ಕಣಮ್ಮ” ಅಂದು ಹೋದರು. ಯಾಕಳ್ತೀಯ ಅಂತ ಕೇಳಲಿಲ್ಲ. ಥ್ಯಾಂಕ್ಸ್ ಅಣ್ಣ.

ಮೇ 5, ಭಾನುವಾರ

ಒಂದು ತಿಂಗಳ ಮೇಲೆ ಭಾನು ಬಂದಳು. ಮೇಲೂರಿಗೆ, ನಮ್ಮ ಮನೆಗೆ. ಅಪ್ಪ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ಬ್ಯಾಗಿನಿಂದ ಸ್ಪೀಕರ್ ತೆಗೆದು ಸ್ಟೂಲಿನ ಮೇಲಿಟ್ಟಳು. ಒಂದೇ.

“ಇನ್ನೊಂದೆಲ್ಲೇ?”

“ಮನೇಲಿ ಬಿಟ್ ಬಂದೆ. ಆಲ್ಬಮ್ ಮೋನೋ ಮಾಡಣ.”

ಮೋನೋ ಅಂದರೆ ಎಲ್ಲ ಸದ್ದೂ ಒಂದೇ ಕಡೆಯಿಂದ. ಎಡ ಬಲ ಅನ್ನುವುದೇ ಇಲ್ಲ. ಮುಖಕ್ಕೆ ಬಿಸಿ ಏರಿತು.

“ನನಗೋಸ್ಕರ ಆಲ್ಬಮ್ ಕುಂಟಿಸಬೇಡ.”

“ನಿನಗೋಸ್ಕರಾನೇ. ಅದ್ರಲ್ಲೇನ್ ತಪ್ಪು?”

ಇಲ್ಲ ಅನ್ನುತ್ತಾಳೆ, ಏನೋ ಕಲೆ ಗಿಲೆ ಅಂತ ನೆಪ ಹೇಳುತ್ತಾಳೆ, ಆಗ ಬೈಯೋಣ ಅಂತಿದ್ದೆ.

“ಸಿದ್ಧಾರ್ಥ್‌ನ ಕರೆಸಿದ್ದೆ ಕಣೇ. ಪಾಪ, ಚೆನ್ನಾಗ್ ಮಾಡ್ದ. ಎಲ್ಲಾನೂ ಎಲ್ಲಿರಬೇಕೋ ಅಲ್ಲೇ ಇಟ್ಟ. ಕೇಳಿದ್ರೆ ಯಾರದೋ ಮನೆಗೆ ಹೋದಂಗಿತ್ತು. ನೀನು ಅಗುಳಿ ಸದ್ದನ್ನ ತಗೊಂಡು ಹೋಗಿ ಕತ್ತಿನ ಹಿಂದೆ ಇಡ್ತೀಯ. ಯಾಕೆ ಅಂದ್ರೆ ನಿನಗೂ ಗೊತ್ತಿರಲ್ಲ. ಆ ಹುಚ್ಚು ಬೇಕು ನನಗೆ. ಕಿವಿ ಎಷ್ಟಿದ್ರೂ ಪರವಾಗಿಲ್ಲ.”

ಅಪ್ಪ ಪೇಪರ್ ಕೆಳಗಿಳಿಸದೆ ಹೇಳಿದರು, “ನಮ್ ಕಾಲದಲ್ಲಿ ರೇಡಿಯೋ ಒಂದೇ ಕಡೆಯಿಂದ ಬರ್ತಿತ್ತು. ನಮಗೇನೂ ಕಮ್ಮಿ ಕೇಳಿಸ್ತು ಅನ್ನಿಸ್ಲಿಲ್ಲಮ್ಮ.”

ಅಮ್ಮ ಊಟಕ್ಕೆ ಎಬ್ಬಿಸಿದಳು. ಮುದ್ದೆ, ಹುರುಳಿಸಾರು. ಭಾನು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡಳು. ನಾಳೆಯಿಂದ ಶುರು.

ಮೇ 23, ಗುರುವಾರ

ಬುದ್ಧ ಪೂರ್ಣಿಮೆ. ಅಪ್ಪ ಅಮ್ಮನ ಜೊತೆ ಬುದ್ಧ ವಿಹಾರಕ್ಕೆ. ಕಣ್ಣು ಮುಚ್ಚಿ ಕೂತಾಗ ಕಿವಿಯ ಸೀಟಿ ಜೋರು. ಓಡಿಸಲು ನೋಡಲಿಲ್ಲ, ಇರಲಿ ಎಂದು ಕೂತೆ. ಸ್ವಲ್ಪ ಹೊತ್ತು ಅದೂ ನನ್ನ ಜೊತೆ ಕೂತಿತು.

ಜುಲೈ 7, ಭಾನುವಾರ

ಮೋನೋ ಸುಲಭ ಅಂದುಕೊಂಡದ್ದು ಸುಳ್ಳು. ಪಕ್ಕಕ್ಕೆ ಸರಿಸಲು ಜಾಗವಿಲ್ಲ. ಒಂದು ಸದ್ದಿಗೆ ಜಾಗ ಬೇಕಾದರೆ ಇನ್ನೊಂದನ್ನು ತೆಗೆಯಬೇಕು. ಹಾಗಾಗಿ ತೆಗೆಯುತ್ತಿದ್ದೇವೆ. ತೆಗೆದಷ್ಟೂ ಉಳಿದದ್ದು ಸ್ಪಷ್ಟ. ಆರು ವರ್ಷದಲ್ಲಿ ಎಷ್ಟು ತುರುಕಿದ್ದೆವು.

ಭಾನು ಅಮ್ಮ ಅಶ್ವತ್ಥಮ್ಮನವರು ಅಡುಗೆಮನೆಯಿಂದಲೇ ಕೂಗಿದರು, “ತನುಜಾ, ಕಾಫಿ ಆರೋಗ್ತದೆ, ಬಾರಮ್ಮ.” ಒಲೆ ಪಕ್ಕ ಮಣೆ ಹಾಕಿಕೊಂಡು ಕುಡಿದೆ. ಮೊದಲ ವರ್ಷ ನನ್ನ ಕಾಫಿ ಶೆಡ್ಡಿಗೇ ಬರುತ್ತಿತ್ತು. ಬೇರೆ ಲೋಟ. ಭಾನು ಆಗ ತಾನೂ ಶೆಡ್ಡಿನಲ್ಲೇ ಕುಡಿಯುತ್ತಿದ್ದಳು, ಒಳಗೆ ಕುಡಿಯುತ್ತಲೇ ಇರಲಿಲ್ಲ. ಆಮೇಲೆ ಜಗಲಿ. ಆಮೇಲೆ ನಡುಮನೆ. ಯಾವತ್ತು ಒಲೆಯ ಹತ್ತಿರ ಬಂದೆನೋ ತಿಳಿಯದು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಯಾಕೋ ಬರೆದಿಡಬೇಕು ಅನ್ನಿಸಿತು.

ಆಗಸ್ಟ್ 18, ಭಾನುವಾರ

ಕೊನೆಯ ಟ್ರ್ಯಾಕು. ‘ಎರಡು ಮೋಟ್ರು’. ಮೋಟರಿನ ಯಾವ ಗೊಣಗಿಗೆ ಹೆದರಿ ಇಷ್ಟು ವರ್ಷ ಓಡುತ್ತಿದ್ದೆವೋ ಅದನ್ನೇ ರೆಕಾರ್ಡ್ ಮಾಡಿದ್ದಾಳೆ ಭಾನು. ಅವರ ಹೊಲದ ಮೋಟರು ಒಂದು, ಪಕ್ಕದ ಹೊಲದ ಚಿಕ್ಕವೆಂಕಟಮ್ಮನದು ಇನ್ನೊಂದು. ಬದುವಿನ ಮೇಲೆ ನಿಂತು, ಈ ಕಡೆಗೊಂದು ಆ ಕಡೆಗೊಂದು ಮೈಕು.

ಮೋನೋ ಮಾಡಿದರೆ ಎರಡೂ ಕಲೆಸಿ ರಾಡಿ. ಏನು ಮಾಡಿದರೂ ರಾಡಿ.

“ಇದೊಂದು ಸ್ಟೀರಿಯೋ ಇರಲಿ” ಎಂದೆ.

“ನಿನಗೆ ಕೇಳಲ್ವಲ್ಲೇ.”

“ನಿನಗೆ ಕೇಳ್ತದಲ್ಲ.”

ಆಮೇಲೆ ಹಿಂದೆ ಬಂದು ಕೂತು ನನ್ನ ಎಡಭುಜದ ಮೇಲೆ ಕೈಯಿಟ್ಟಳು. ಎಡಗಡೆಯ ಮೋಟರು ಏರಿದರೆ ಒತ್ತುವುದು, ಇಳಿದರೆ ಸಡಿಲ. ಬಲಕ್ಕೆ ಕಿವಿ, ಎಡಕ್ಕೆ ಭುಜ. ಒಂದೊಂದನ್ನೇ ಬೇರೆಯಾಗಿ ಬಲಗಿವಿಗೆ ಹಾಕಿಕೊಂಡು ನಾನು ಕೇಳಬಲ್ಲೆ, ಎರಡೂ ಒಟ್ಟಿಗೆ ಸೇರುವುದು ಮಾತ್ರ ಅವಳ ತಲೆಯಲ್ಲೇ. ಒಂದು ಕಡೆ ಅವಳ ಕೈ ನಡುಗಿತು. ಅಲ್ಲಿ ಏನಾಯಿತು ಅಂದೆ. ಚೆನ್ನಾಗಿದೆ, ಮುಟ್ಟಬೇಡ ಎಂದಳು. ಮುಟ್ಟಲಿಲ್ಲ.

ಮುಗಿಯಿತು.

ಸೆಪ್ಟೆಂಬರ್ 27, ಶುಕ್ರವಾರ

ಆಲ್ಬಮ್ ಬಿಡುಗಡೆ. ಐಟಿಐ ಹುಡುಗಿಯರು ಸ್ಟಾಫ್‌ರೂಮಿಗೆ ಬಂದು, “ಮಿಸ್, ಕೇಳಿದ್ವಿ, ಏನೂ ಅರ್ಥ ಆಗ್ಲಿಲ್ಲ, ಕಂಗ್ರಾಟ್ಸ್ ಮಿಸ್” ಅಂದರು. ಯಾಮಿನಿ ಮೇಡಂಗೆ ಲಿಂಕ್ ಕಳಿಸಿದೆ. ಊಟದ ಬಿಡುವಿನಲ್ಲಿ ಆ ಗಾಜಿನ ರೂಮಿನೊಳಗೆ ಕೂತು ಪೂರ್ತಿ ಕೇಳಿದರಂತೆ.

ನವೆಂಬರ್ 24, ಭಾನುವಾರ, ವಾಪಸ್ ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ. ಪಾಂಡಿಚೇರಿ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏನು ಮಾಡಬೇಕೋ ತಿಳಿಯದೆ ನಾವೂ ತಟ್ಟಿದೆವು.

ಒಂದು ಸಂಗತಿ. ಸ್ಟೇಜಿನಲ್ಲಿ ಭಾನು ಯಾವಾಗಲೂ ನನ್ನ ಎಡಕ್ಕೆ ನಿಲ್ಲುವವಳು. ನಿನ್ನೆ ಬಲಕ್ಕೆ ಟೇಬಲ್ ಹಾಕಿಸಿದ್ದಳು. ಈಗ ಹೊಳೆಯಿತು — ಬಸ್ಸಿನಲ್ಲೂ ಬಲಕ್ಕೇ ಕೂತಿದ್ದಾಳೆ. ಬಸ್‌ಸ್ಟ್ಯಾಂಡಿನಲ್ಲಿ, ಊಟಕ್ಕೆ ಕೂತಾಗ, ರೋಡಿನಲ್ಲಿ ನಡೆಯುವಾಗ... ಮಾರ್ಚಿನಿಂದ ಹೀಗೇ ಇರಬೇಕು. ಅವಳ ಮಾತು ಒಂದೂ ತಪ್ಪಿಲ್ಲ ನನಗೆ. ನನ್ನ ಬಲಗಿವಿಯೇ ಚುರುಕಾಗಿದೆ ಅಂದುಕೊಂಡಿದ್ದೆ.

ಕೇಳಬೇಕು ಅನ್ನಿಸಿತು. ನಿದ್ದೆ ಮಾಡುತ್ತಿದ್ದಾಳೆ. ಕಿಟಕಿ ಪರದೆ ಎಳೆದು ಮುಖಕ್ಕೆ ಬಿಸಿಲು ಬೀಳದ ಹಾಗೆ ಮಾಡಿದೆ. ಅಷ್ಟೇ.

ಡಿಸೆಂಬರ್ 1, ಭಾನುವಾರ, ಸಾದಲಿ

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಪೊರೆ ಬಿಡುವ ಹೊತ್ತು. ಶೆಡ್ಡಿನ ಹತ್ತಿರ ಸದ್ದು ಮಾಡುವ ಹಾಗಿಲ್ಲ. ಭಾನು ನಾಳೆಗೆ ಸೊಪ್ಪು ತರಲು ಹೋಗಿದ್ದಾಳೆ. ಜಗಲಿಯ ಮೇಲೆ ಅಶ್ವತ್ಥಮ್ಮನವರು ಕಾಲು ಚಾಚಿ ಕೂತವರು, ಇದ್ದಕ್ಕಿದ್ದಂತೆ, “ಅದೇನೋ ಪಾಂಡಿಚೇರೀಲಿ ಜನ ಎದ್ ನಿಂತ್ರಂತಲ್ಲ, ನನಗೂ ಹಾಕಮ್ಮ, ಕೇಳ್ತೀನಿ” ಎಂದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ.

ಇದ್ದದ್ದು ಒಂದು ಇಯರ್‌ಫೋನು. ಬಲದ್ದನ್ನು ಅವರ ಕಿವಿಗಿಟ್ಟೆ. ಎಡದ್ದನ್ನು ನನ್ನ ಬಲಗಿವಿಗೆ. ವೈರು ಗಿಡ್ಡ, ತಲೆಗೆ ತಲೆ ತಾಗಿಸಿ ಕೂತೆವು. ‘ಎರಡು ಮೋಟ್ರು’ ಹಾಕಿದೆ.

ಅವರು ಹುಬ್ಬು ಗಂಟಿಕ್ಕಿದರು. “ಚಿಕ್ಕವೆಂಕಟಮ್ಮನ ಮೋಟ್ರು ಅಲ್ವೇನೇ ಇದು? ಬೇರಿಂಗ್ ಹೋಗ್ಯದೆ ಅಂತ ಎಷ್ಟ್ ಹೇಳಿದ್ರೂ ಕೇಳಲ್ಲ ಅವ್ಳು. ನಮ್ದೆಲ್ಲಿ?”

“ನಿಮ್ದು ನನ್ ಕಡೆ ಬರ್ತಿದೆ ಅಮ್ಮ.”

“ಹೌದಾ. ಏನಂತದೆ, ಹೇಳು.”

ಹೇಳತೊಡಗಿದೆ. ಈಗ ಸ್ಟಾರ್ಟರ್ ಬಿತ್ತು... ಈಗ ಪೈಪು ಕೆಮ್ಮುತ್ತಿದೆ... ಅವರು ತಮ್ಮ ಕಡೆಯದನ್ನು ಹೇಳಿದರು. ನಾನು ನನ್ನದು. ಆ ಒಂದು ಕಡೆ, ಭಾನು ಕೈ ನಡುಗಿದ್ದ ಕಡೆ, ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು, ಅವರು “ನೋಡು” ಅಂದರು, ನಾನು “ಕೇಳಿ” ಅಂದೆ.